ಜಾಗ ಬಿಟ್ಟುಕೊಟ್ಟ ನಾಲ್ವರು

ಕಳೆದ ಚಳಿಗಾಲದಲ್ಲಿ ಕೇಳಿದ ಒಂದು ಪ್ರಶ್ನೆ ಇನ್ನೂ ನನ್ನ ಬೆನ್ನು ಬಿಟ್ಟಿಲ್ಲ. ನಾವಿರುವ ಉತ್ತರ ಕೆರೊಲಿನಾದ ಊರಿನ ಲೈಬ್ರರಿಯಲ್ಲಿ ತಿಂಗಳಿಗೊಮ್ಮೆ ಹತ್ತು ಹನ್ನೆರಡು ಜನ ಸೇರಿ ಒಂದು ಪುಸ್ತಕದ ಬಗ್ಗೆ ಮಾತಾಡುತ್ತೇವೆ. ಆ ತಿಂಗಳ ಪುಸ್ತಕ ಹಾರ್ಪರ್ ಲೀಯವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’. ನಾನು ಅದನ್ನು ನಾಲ್ಕು ಸಲ ಓದಿದವಳು. ನನ್ನ ಸರದಿ ಬಂದಾಗ, ಎಲ್ಲರಿಗೂ ಇಷ್ಟವಾಗುವ ಆ ದೃಶ್ಯವನ್ನೇ ಎತ್ತಿಕೊಂಡೆ. 1930ರ ದಶಕದ ಅಲಬಾಮಾ. ಬಿಳಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ಮಾಡಿದನೆಂಬ ಸುಳ್ಳು ಆಪಾದನೆ ಹೊತ್ತ ಕಪ್ಪು ಮನುಷ್ಯ ಟಾಮ್, ಅವನ ಪರ ವಾದಿಸಿದ ಬಿಳಿ ವಕೀಲ ಆಟಿಕಸ್, ಕತೆ ಹೇಳುವವಳು ಆ ವಕೀಲನ ಮಗಳು ಸ್ಕೌಟ್. ತೀರ್ಪು ಬಂದಾಗಿದೆ. ಟಾಮ್ ರಾಬಿನ್ಸನ್ ಅಪರಾಧಿ ಎಂದಾಗಿದೆ. ಆಟಿಕಸ್ ಫಿಂಚ್ ತನ್ನ ಕಾಗದಪತ್ರಗಳನ್ನು ಚೀಲಕ್ಕೆ ತುಂಬಿಕೊಂಡು ನಡುದಾರಿಯಲ್ಲಿ ಒಬ್ಬನೇ ಹೊರಗೆ ನಡೆಯುತ್ತಿದ್ದಾನೆ. ಮೇಲೆ, ಕಪ್ಪು ಜನರಿಗೆಂದೇ ಇದ್ದ ಬಾಲ್ಕನಿಯಲ್ಲಿ ಅವರೆಲ್ಲ ಒಬ್ಬೊಬ್ಬರಾಗಿ ಎದ್ದು ನಿಂತಿದ್ದಾರೆ. ಪಾದ್ರಿ ಸೈಕ್ಸ್ ಅಲ್ಲಿ ಕೂತಿರುವ ಪುಟ್ಟ ಸ್ಕೌಟ್‌ಗೆ, ಏಳಮ್ಮ, ನಿಮ್ಮ ತಂದೆ ಹೋಗುತ್ತಿದ್ದಾರೆ ಎನ್ನುತ್ತಾರೆ. ಪ್ರತಿ ಸಲವೂ ಈ ಜಾಗಕ್ಕೆ ಬಂದಾಗ ನನಗೆ ಕಣ್ಣು ತುಂಬುತ್ತದೆ ಎಂದೆ. ಮೇಜಿನ ಸುತ್ತ ಕೂತಿದ್ದ ಮೂರು ನಾಲ್ಕು ಜನ ತಲೆ ಆಡಿಸಿದರು.

ಎದುರಿಗೆ ಕೂತಿದ್ದವರು ಅರವತ್ತು ದಾಟಿದ, ನರ್ಸ್ ಆಗಿ ಕೆಲಸ ಮಾಡಿ ನಿವೃತ್ತರಾದ ಒಬ್ಬ ಕಪ್ಪು ಮಹಿಳೆ. ಮಾತು ಕಡಿಮೆ. ಅವರು ಪುಸ್ತಕ ಮುಚ್ಚಿಟ್ಟುಕೊಂಡೇ ಕೇಳಿದರು: ‘ಆ ಮಕ್ಕಳು ಮೇಲೆ ಬಂದು ಕೂತುಕೊಳ್ಳುವ ಮುಂಚೆ ಆ ಮುಂದಿನ ಸಾಲಿನಲ್ಲಿ ಯಾರು ಕೂತಿದ್ದರು?’

ಯಾರಿಗೂ ಗೊತ್ತಿರಲಿಲ್ಲ. ನನಗಂತೂ ಅಂಥದ್ದೊಂದು ಪ್ರಶ್ನೆ ಇದೆ ಎಂಬುದೇ ಹೊಳೆದಿರಲಿಲ್ಲ. ಅವರು ಹದಿನಾರನೇ ಅಧ್ಯಾಯದ ಕೊನೆಯ ಪುಟ ತೆಗೆದು ಒಂದೇ ಒಂದು ವಾಕ್ಯ ಓದಿದರು. ಸ್ಕೌಟ್, ಅವಳ ಅಣ್ಣ ಜೆಮ್, ಗೆಳೆಯ ಡಿಲ್ ಕೆಳಗೆ ಜಾಗ ಸಿಗದೆ ಸೈಕ್ಸ್ ಅವರ ಜೊತೆ ಮೇಲೆ ಬರುತ್ತಾರೆ. ಕಪ್ಪು ಜನರಲ್ಲಿ ನಾಲ್ವರು ಎದ್ದು ಮುಂದಿನ ಸಾಲಿನ ತಮ್ಮ ಜಾಗವನ್ನು ಇವರಿಗೆ ಬಿಟ್ಟುಕೊಡುತ್ತಾರೆ. ಅಷ್ಟೇ. ಆ ನಾಲ್ವರಿಗೆ ಹೆಸರಿಲ್ಲ, ಗಂಡಸರೋ ಹೆಂಗಸರೋ ಹೇಳಿಲ್ಲ, ಎದ್ದವರು ಆಮೇಲೆ ಎಲ್ಲಿ ನಿಂತರು ಎಂದೂ ಇಲ್ಲ. ಟಾಮ್‌ನ ನೆಂಟರಿರಬಹುದು, ಅವನ ಚರ್ಚಿನವರಿರಬಹುದು. ತಮ್ಮವನೊಬ್ಬನ ಜೀವದ ವಿಚಾರಣೆ ನೋಡಲು ಹೊತ್ತಿಗೆ ಮುಂಚೆ ಬಂದು ಮುಂದಿನ ಸಾಲು ಹಿಡಿದವರು. ಅಲ್ಲಿಂದ ಮುಂದೆ ಇಡೀ ವಿಚಾರಣೆಯನ್ನು ನಾವು ನೋಡುವುದು ಅವರು ಬಿಟ್ಟುಕೊಟ್ಟ ಜಾಗದಿಂದ.

‘ನಾನು ಎಂಟನೇ ತರಗತಿಯಲ್ಲಿದ್ದಾಗ ಇದನ್ನು ಓದಿಸಿದರು’ ಎಂದು ಅವರು ಮುಂದುವರಿಸಿದರು. ‘ಶಾಲೆಗಳಲ್ಲಿ ಕಪ್ಪು ಬಿಳಿ ಮಕ್ಕಳನ್ನು ಕೂಡಿಸಿದ ಹೊಸತು. ಕ್ಲಾಸಿನಲ್ಲಿ ನಾವು ಇಬ್ಬರೇ. ಒಬ್ಬೊಬ್ಬರೂ ಒಂದೊಂದು ಪುಟ ಗಟ್ಟಿಯಾಗಿ ಓದಬೇಕು. ಕಪ್ಪು ಜನರನ್ನು ಹೀಯಾಳಿಸುವ ಆ ಪದ ಬಂದಾಗಲೆಲ್ಲ ಓದುವವರು ಒಂದು ಕ್ಷಣ ನಿಲ್ಲಿಸುತ್ತಿದ್ದರು, ಇಡೀ ಕ್ಲಾಸು ನನ್ನ ಕಡೆ ತಿರುಗುತ್ತಿತ್ತು. ಪುಸ್ತಕದಲ್ಲಿ ಏನಾಗುತ್ತಿದೆ ಎಂದು ನನಗೆ ಕೇಳಿಸುತ್ತಲೇ ಇರಲಿಲ್ಲ. ಮುಂದಿನ ಸಲ ಆ ಪದ ಎಷ್ಟು ಸಾಲು ದೂರ ಇದೆ ಅಂತ ಬೆರಳಿಟ್ಟು ಎಣಿಸುತ್ತಿದ್ದೆ.’

ಆ ಬೆರಳು ಈಗಲೂ ನನ್ನ ಕಣ್ಣ ಮುಂದೆ ಇದೆ. ಒಂದು ಪುಸ್ತಕ ಎಷ್ಟು ಚೆನ್ನಾಗಿದೆ ಎಂಬ ಮಾತಿಗೂ ಅದನ್ನು ಓದುವ ಮಗುವಿನ ಮೈಮೇಲೆ ಏನಾಗುತ್ತದೆ ಎಂಬುದಕ್ಕೂ ನಡುವೆ ಎಷ್ಟು ದೂರ ಇರಬಹುದೆಂದು ನನಗೆ ಯಾರೂ ಅಷ್ಟು ಸ್ಪಷ್ಟವಾಗಿ ತೋರಿಸಿರಲಿಲ್ಲ. ಆ ಪದ ಕಾದಂಬರಿಯಲ್ಲಿ ನಲವತ್ತಕ್ಕೂ ಹೆಚ್ಚು ಸಲ ಬರುತ್ತದೆ. ಆ ಕಾಲದ ಅಲಬಾಮಾದ ಬಾಯಲ್ಲಿ ಅದೇ ಪದ ಇತ್ತು, ಲೇಖಕಿ ಮುಚ್ಚಿಡಲಿಲ್ಲ ಎಂದು ನಾನು ಇಷ್ಟು ವರ್ಷ ವಾದ ಮಾಡುತ್ತ ಬಂದವಳು. ವಾದ ತಪ್ಪೆಂದು ಈಗಲೂ ಅನ್ನಿಸುವುದಿಲ್ಲ. ಆದರೆ ಆ ವಾದ ಮಾಡುವಾಗ ನನ್ನ ಕಡೆಗೆ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಅತ್ತಿದ್ದು ಯಾವುದಕ್ಕೆ

ಇದೇ ಪ್ರಶ್ನೆಯ ಇನ್ನೊಂದು ರೂಪವನ್ನು ನಾನು ಬಹಳ ಹಿಂದೆ ಕೇಳಿಸಿಕೊಂಡಿದ್ದೆ ಎಂಬುದು ಆ ರಾತ್ರಿ ಮನೆಗೆ ಬಂದ ಮೇಲೆ ನೆನಪಾಯಿತು. 1997, ಧಾರವಾಡ. ನಾನು ಶಿರಸಿ ಕಡೆಯಿಂದ ಇಂಗ್ಲಿಷ್ ಎಂ.ಎ. ಮಾಡಲು ಹೋದವಳು. ಹಾಸ್ಟೆಲಿನಲ್ಲಿ ನನ್ನ ಜೊತೆ ಕೋಣೆಯಲ್ಲಿದ್ದವಳು ಕೊಪ್ಪಳ ಕಡೆಯ ಹಳ್ಳಿಯೊಂದರ ದಲಿತ ಹುಡುಗಿ, ಅವರ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗಳು. ಈ ಕಾದಂಬರಿಯ ಒಂದೇ ಒಂದು ಪ್ರತಿ ಲೈಬ್ರರಿಯಲ್ಲಿತ್ತು. ಅದು ಆಗ ನನ್ನ ಕೈಯಲ್ಲಿತ್ತು. ಪರೀಕ್ಷೆ ಹತ್ತಿರ ಬಂದಿದ್ದರಿಂದ ರಾತ್ರಿ ಊಟವಾದ ಮೇಲೆ ನಾನು ಗಟ್ಟಿಯಾಗಿ ಓದುವುದು, ಅವಳು ಮಂಚದ ಮೇಲೆ ಮೊಣಕಾಲು ಕಟ್ಟಿಕೊಂಡು ಕೂತು ಕೇಳುವುದು ಎಂದಾಗಿತ್ತು. ಒಂಬತ್ತೂವರೆಗೆ ಕರೆಂಟು ಹೋಗುತ್ತಿತ್ತು, ಮೇಣದಬತ್ತಿ ಹಚ್ಚಿಕೊಳ್ಳುತ್ತಿದ್ದೆವು. ಅವಳು ಮಧ್ಯದಲ್ಲಿ ಬಾಯಿ ಹಾಕುತ್ತಿದ್ದುದು ಕಡಿಮೆ. ಟಾಮ್‌ನ ಎಡಗೈ ಹತ್ತಿ ಜಿನ್ನಿಗೆ ಸಿಕ್ಕು ಹೋಗಿತ್ತು ಎಂಬಲ್ಲಿ ಮಾತ್ರ, ಹತ್ತಿ ಜಿನ್ನಿನ್ಯಾಗ ಕೈ ಹೋದವರನ್ನ ನಾ ನೋಡೀನಿ ಎಂದಿದ್ದಳು.

ಬಾಲ್ಕನಿಯ ಆ ಪುಟಕ್ಕೆ ಬಂದಾಗ ನನ್ನ ದನಿ ಒಡೆಯಿತು. ಓದುವುದು ನಿಂತಿತು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

‘ನೀ ಯಾಕ ಅಳಾಕತ್ತಿ? ಅವ್ರೆಲ್ಲಾ ಎದ್ದು ನಿಂತ್ರಂತ ಅಳಾಕತ್ತಿಯೋ, ಟಾಮನ್ನ ಜೇಲಿಗೆ ಒಯ್ದ್ರಂತ ಅಳಾಕತ್ತಿಯೋ?’

ಅವಳ ದನಿಯಲ್ಲಿ ಕೊಂಕು ಇರಲಿಲ್ಲ, ನಿಜಕ್ಕೂ ತಿಳಿಯಬೇಕೆಂದೇ ಕೇಳಿದಳು. ಎರಡಕ್ಕೂ ಎಂದು ನಾನು ಏನೋ ಹೇಳಿರಬೇಕು. ಆದರೆ ಟಾಮ್‌ನನ್ನು ಕರೆದೊಯ್ಯುವ ಸಾಲಿಗೆ ನಾನು ಅತ್ತಿರಲಿಲ್ಲ. ಆಟಿಕಸ್ ಸೋತು ತಲೆ ತಗ್ಗಿಸಿಕೊಂಡು ನಡೆಯುವಾಗ, ಯಾರ ಮನುಷ್ಯ ಜೈಲಿಗೆ ಹೋದನೋ ಆ ಜನವೇ ಎದ್ದು ಅವನಿಗೆ ಗೌರವ ತೋರಿಸುವಾಗ ಅತ್ತೆ. ಬಾಲ್ಕನಿಯಲ್ಲಿದ್ದ ಯಾರೂ ಆ ಕಾದಂಬರಿಯಲ್ಲಿ ಟಾಮ್‌ಗಾಗಿ ನಮ್ಮ ಕಣ್ಣೆದುರು ಅಳುವುದಿಲ್ಲ. ಎದ್ದು ನಿಲ್ಲುತ್ತಾರೆ, ಮಾರನೆಯ ಬೆಳಿಗ್ಗೆ ಆಟಿಕಸ್ ಮನೆಯ ಹಿಂಬಾಗಿಲಿಗೆ ಕೋಳಿ, ತರಕಾರಿ, ಉಪ್ಪು ಹಾಕಿದ ಹಂದಿಮಾಂಸ ತಂದಿಟ್ಟು ಹೋಗುತ್ತಾರೆ. ಬಡತನದ ವರ್ಷಗಳವು, ಅವರ ಮನೆಗಳಲ್ಲಿ ಒಲೆ ಹೊತ್ತುವುದೇ ಕಷ್ಟ. ಆಟಿಕಸ್‌ನ ಕಣ್ಣು ತುಂಬುತ್ತದೆ, ನಮ್ಮದೂ ತುಂಬುತ್ತದೆ. ಅದೇ ಬೆಳಿಗ್ಗೆ ಟಾಮ್‌ನ ಹೆಂಡತಿ ಹೆಲೆನ್ ಮನೆಯಲ್ಲಿ ಏನು ಬೇಯುತ್ತಿತ್ತು ಎಂಬುದು ಪುಸ್ತಕದಲ್ಲಿಲ್ಲ.

ನನ್ನ ಅಜ್ಜಿಯ ಮನೆಯಲ್ಲಿ ತೋಟದ ಕೆಲಸಕ್ಕೆ ಬರುತ್ತಿದ್ದ ಒಬ್ಬ ಹೆಂಗಸಿಗೆ ಐವತ್ತು ದಾಟಿತ್ತು. ಆರು ವರ್ಷದ ನಾನು ಅವಳನ್ನು ಹೆಸರು ಹಿಡಿದು, ‘ಬಾರೇ’ ಎಂದು ಕೂಗುತ್ತಿದ್ದೆ. ಅವಳು ನನ್ನನ್ನು ‘ಅಮ್ಮಾ’ ಎನ್ನುತ್ತಿದ್ದಳು. ಚಹಾ ಕುಡಿಯುವ ಅವಳ ಲೋಟ ಅಂಗಳದ ಗೋಡೆಯ ಗೂಡಿನಲ್ಲಿ ಬೇರೆ ಇರುತ್ತಿತ್ತು, ತೊಳೆದಿಟ್ಟು ಹೋಗಬೇಕಾದವಳೂ ಅವಳೇ. ನಾನು ಅವಳನ್ನು ಪ್ರೀತಿಸುತ್ತಿದ್ದೆ, ಅದು ಸುಳ್ಳಲ್ಲ. ಸೈಕ್ಸ್ ಎಂಬ ಹಿರಿಯ ಪಾದ್ರಿ ಎಂಟು ವರ್ಷದ ಬಿಳಿ ಹುಡುಗಿ ಸ್ಕೌಟ್‌ಳನ್ನು ಅವಳ ನಿಜ ಹೆಸರಿನಿಂದ ‘ಮಿಸ್ ಜೀನ್ ಲೂಯಿಸ್’ ಎಂದು ಕರೆಯುವುದನ್ನು ನಾಲ್ಕು ಸಲ ಓದಿಯೂ ನನ್ನ ಕಿವಿಗೆ ಅದು ಬೀಳದಿದ್ದುದಕ್ಕೆ ಕಾರಣ ಆ ಗೂಡಿನಲ್ಲಿದೆ ಎಂದು ಈಗ ಅನ್ನಿಸುತ್ತದೆ. ನನಗೆ ಅದು ಸಹಜವಾಗಿ ಕೇಳಿಸಿತ್ತು. ದೊಡ್ಡವರು ಸಣ್ಣವರನ್ನು ಬಹುವಚನದಲ್ಲಿ ಕರೆಯುವ ಅಂಗಳದಲ್ಲೇ ನಾನು ಬೆಳೆದದ್ದು.

ಇದೇ ಮಾತಿಗೆ ಸೇರಿದ ಇನ್ನೊಂದು ಜಾಗ ಇದೆ. ಸರ್ಕಾರಿ ವಕೀಲ ಗಿಲ್ಮರ್, ಹೆಂಡತಿ ಮಕ್ಕಳಿರುವ ಟಾಮ್‌ನನ್ನು ಸಾಕ್ಷಿಕಟ್ಟೆಯಲ್ಲಿ ನಿಲ್ಲಿಸಿ ‘ಹುಡುಗ’ ಎಂದು ಕರೆಯುತ್ತಾನೆ. ನಮ್ಮ ಕಡೆ ‘ಏನೋ, ಎಲ್ಲಿಗೋ’ ಎಂದ ಹಾಗೆ. ಕೇಳಲಾರದೆ ಡಿಲ್ ಅಳಲು ಶುರುಮಾಡುತ್ತಾನೆ, ಸ್ಕೌಟ್ ಅವನನ್ನು ಹೊರಗೆ ಕರೆದುಕೊಂಡು ಹೋಗುತ್ತಾಳೆ. ಅಲ್ಲಿ ಅವಳು ಸಮಾಧಾನ ಹೇಳುವ ರೀತಿ ನೋಡಿ: ಎಷ್ಟಾದರೂ ಅವನು ನೀಗ್ರೋ ಅಲ್ಲವೇ ಎನ್ನುತ್ತಾಳೆ. ನಮ್ಮ ಸ್ಕೌಟ್. ಆ ಸಾಲು ನನಗೆ ಮೊದಲ ಮೂರು ಓದಿನಲ್ಲೂ ನೆನಪಿನಲ್ಲಿ ಉಳಿಯಲಿಲ್ಲ. ಲೇಖಕಿ ಮರೆತಿರಲಿಲ್ಲ, ಬರೆದಿದ್ದಾರೆ. ಮರೆತವರು ಓದಿದ ನಾವು.

ಬೇಡ ಎಂದವರು

ಈ ಪುಸ್ತಕಕ್ಕೆ ಬಂದ ವಿರೋಧದ ಬಗ್ಗೆ ನಾನು ಮೊದಲೆಲ್ಲ ಒಂದೇ ಉಸಿರಿನಲ್ಲಿ ಸಿಟ್ಟಾಗುತ್ತಿದ್ದೆ. 1960ರ ಜುಲೈನಲ್ಲಿ ಬಂತು, ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು, 1962ರಲ್ಲಿ ಗ್ರೆಗರಿ ಪೆಕ್ ಅಭಿನಯದ ಸಿನಿಮಾ ಬಂತು. 1966ರಲ್ಲಿ ವರ್ಜೀನಿಯಾದ ಹ್ಯಾನೋವರ್ ಕೌಂಟಿಯ ಶಾಲಾ ಮಂಡಳಿ ಇದನ್ನು ಅನೈತಿಕ ಪುಸ್ತಕವೆಂದು ತೆಗೆದುಹಾಕಿತು. ಹಾರ್ಪರ್ ಲೀ ಪತ್ರಿಕೆಯೊಂದಕ್ಕೆ ಪತ್ರ ಬರೆದು, ಮಂಡಳಿಯ ಸದಸ್ಯರನ್ನು ಒಂದನೇ ತರಗತಿಗೆ ಸೇರಿಸಲು ಉಪಯೋಗಿಸಿ ಎಂದು ಹತ್ತು ಡಾಲರ್ ಕಳಿಸಿದರು. ಆ ಪತ್ರ ಓದಿದಾಗ ಈಗಲೂ ನನಗೆ ಬೆನ್ನು ನೆಟ್ಟಗಾಗುತ್ತದೆ. ಬಿಳಿ ಹುಡುಗಿಯೊಬ್ಬಳು ಕಪ್ಪು ಗಂಡಸನ್ನು ತಾನಾಗಿ ಬಯಸಿದಳು ಎಂದು ಬರೆದದ್ದೇ ಅಲ್ಲಿಯವರಿಗೆ ಸಹಿಸಲು ಆಗದ್ದು, ನೀತಿ ಎಂಬುದು ಅದಕ್ಕೆ ಹೊದಿಸಿದ ಬಟ್ಟೆ ಎಂದೇ ನನಗೆ ಅನ್ನಿಸುತ್ತದೆ.

ಆದರೆ 2017ರಲ್ಲಿ ಮಿಸಿಸಿಪಿಯ ಬಿಲಾಕ್ಸಿಯಲ್ಲಿ ಎಂಟನೇ ತರಗತಿಯ ಪಾಠದಿಂದ ಇದನ್ನು ತೆಗೆದಾಗ ಕೊಟ್ಟ ಕಾರಣ ಬೇರೆ: ಇದರ ಭಾಷೆ ಮನಸ್ಸಿಗೆ ಕಸಿವಿಸಿ ಮಾಡುತ್ತದೆ ಎಂದು. 2022ರಲ್ಲಿ ವಾಷಿಂಗ್ಟನ್ ರಾಜ್ಯದ ಮಕಿಲ್ಟಿಯೊದಲ್ಲಿ ಒಂಬತ್ತನೇ ತರಗತಿಯ ಕಡ್ಡಾಯ ಓದಿನಿಂದ ಇದನ್ನು ಕೈಬಿಟ್ಟರು. ಅಲ್ಲಿ ಬೇಡಿಕೆ ಇಟ್ಟವರು ಪಾಠ ಹೇಳುವ ಟೀಚರುಗಳೇ. ಕಪ್ಪು ಮಕ್ಕಳಿಗೆ ಇದು ನೋವು ಕೊಡುತ್ತದೆ, ಬಿಳಿಯನೊಬ್ಬ ಉದ್ಧಾರಕನಾಗಿ ಬರುವ ಕತೆಯಿದು ಎಂಬುದು ಅವರ ಮಾತು. ಪುಸ್ತಕವನ್ನು ನಿಷೇಧಿಸಲಿಲ್ಲ, ಇಷ್ಟವಿದ್ದ ಟೀಚರು ಕಲಿಸಬಹುದು, ಕಡ್ಡಾಯ ಮಾತ್ರ ಇಲ್ಲ. ಹ್ಯಾನೋವರ್‌ನ ಮಂಡಳಿಯನ್ನೂ ಮಕಿಲ್ಟಿಯೊದ ಟೀಚರುಗಳನ್ನೂ ಒಂದೇ ಪಟ್ಟಿಯಲ್ಲಿ ‘ಪುಸ್ತಕ ನಿಷೇಧಿಸಿದವರು’ ಎಂದು ಬರೆಯುವುದನ್ನು ಈಗ ನೋಡಿದರೆ ನನಗೆ ಸರಿ ಕಾಣುವುದಿಲ್ಲ. ಮೊದಲಿನವರು ಕೆಳಗಿನ ಹಾಲಿನಲ್ಲಿ ಕೂತು ಬಾಲ್ಕನಿ ಮುಚ್ಚಿ ಎಂದವರು. ಎರಡನೆಯವರು ಬಾಲ್ಕನಿಯಲ್ಲಿರುವ ಮಗುವಿನ ಮುಖ ನೋಡಿದವರು.

ನನ್ನನ್ನು ಕೇಳಿದರೆ ಪುಸ್ತಕ ಕ್ಲಾಸಿನಲ್ಲಿ ಇರಲಿ ಎನ್ನುತ್ತೇನೆ. ಆದರೆ ಗಟ್ಟಿಯಾಗಿ ಸರದಿಯಂತೆ ಓದಿಸುವುದು ಬೇಡ. ಮತ್ತು ಜನಾಂಗದ ವಿಷಯಕ್ಕೆ ಇಡೀ ವರ್ಷಕ್ಕೆ ಇದೊಂದೇ ಪುಸ್ತಕ ಎಂದಂತೂ ಬೇಡವೇ ಬೇಡ. ನಮ್ಮ ಲೈಬ್ರರಿಯ ಆ ನರ್ಸ್ ಇದಕ್ಕೂ ಒಂದು ಮಾತು ಸೇರಿಸಿದರು. ಆಟಿಕಸ್ ಮನೆಯ ಕಪ್ಪು ಅಡುಗೆಯವಳು ಕ್ಯಾಲ್‌ಪರ್ನಿಯಾ ಮಕ್ಕಳನ್ನು ತನ್ನ ಚರ್ಚಿಗೆ ಕರೆದುಕೊಂಡು ಹೋದಾಗ ಲೂಲಾ ಎಂಬ ಎತ್ತರದ ಹೆಂಗಸೊಬ್ಬಳು ಅಡ್ಡ ನಿಲ್ಲುತ್ತಾಳೆ. ಅವರಿಗೆ ಅವರ ಚರ್ಚಿದೆ, ನಮಗೆ ನಮ್ಮದು, ಬಿಳಿ ಮಕ್ಕಳನ್ನು ಇಲ್ಲಿಗೆ ಯಾಕೆ ತಂದೆ ಎನ್ನುತ್ತಾಳೆ. ‘ಇಡೀ ಪುಸ್ತಕದಲ್ಲಿ ನನ್ನ ಹೊಟ್ಟೆಯಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳಿದವಳು ಅವಳೊಬ್ಬಳೇ’ ಎಂದರು ಅವರು. ‘ಅರ್ಧ ಪುಟದಲ್ಲಿ ಅವಳನ್ನು ಜಗಳಗಂಟಿ ಅಂತ ಹೇಳಿ ಕಳಿಸಿಬಿಡುತ್ತಾರೆ. ಎಂಟನೇ ತರಗತಿಯಲ್ಲಿ ನಾನು ಅವಳು ವಾಪಸ್ ಬರುತ್ತಾಳೆ ಅಂತ ಕೊನೇವರೆಗೂ ಕಾದೆ.’

ಇಲ್ಲ, ಲೂಲಾ ವಾಪಸ್ ಬರುವುದಿಲ್ಲ.

ಮನ್ರೋವಿಲ್

ವಕೀಲರು ಈ ಪುಸ್ತಕವನ್ನು ಓದುವ ರೀತಿ ಬೇರೆಯೇ. ಆಟಿಕಸ್‌ನಿಂದಾಗಿ ಕಾನೂನು ಓದಿದೆವು ಎನ್ನುವವರು ಅಮೆರಿಕದಲ್ಲಿ ಎಷ್ಟೋ ಜನ. 1992ರಲ್ಲಿ ಮನ್ರೋ ಫ್ರೀಡ್‌ಮನ್ ಎಂಬ ಕಾನೂನು ಪ್ರಾಧ್ಯಾಪಕರು, ಆಟಿಕಸ್ ಆ ಕೇಸನ್ನು ತಾನಾಗಿ ಹಿಡಿದದ್ದಲ್ಲ, ಕೋರ್ಟು ಒಪ್ಪಿಸಿದ್ದು, ಊರಿನಲ್ಲಿ ಕಪ್ಪು ಜನರನ್ನು ಬೇರೆ ಇಟ್ಟಿದ್ದರ ವಿರುದ್ಧ ಅವನು ಬಾಯಿಬಿಟ್ಟವನಲ್ಲ ಎಂದು ಬರೆದರು. ಅವರ ಮೇಲೆ ವಕೀಲರು ಮುಗಿಬಿದ್ದರು. 1997ರಲ್ಲಿ ಅಲಬಾಮಾದ ವಕೀಲರ ಸಂಘ, ಕಾದಂಬರಿಯ ಪಾತ್ರವೊಂದಕ್ಕೆ, ಮನ್ರೋವಿಲ್‌ನಲ್ಲಿ ಸ್ಮಾರಕ ನಿಲ್ಲಿಸಿತು. ಫ್ರೀಡ್‌ಮನ್ ಹೇಳಿದ್ದು ಪುಸ್ತಕದಲ್ಲೇ ಇದೆ. ಇಂಥ ಕೇಸು ಇಲ್ಲದೆ ಬದುಕು ಕಳೆದರೆ ಸಾಕೆಂದಿದ್ದೆ, ಜಡ್ಜ್ ಟೇಲರ್ ನೀನೇ ಎಂದು ಕೈ ತೋರಿಸಿದರು ಎಂದು ಆಟಿಕಸ್ ತನ್ನ ತಮ್ಮನಿಗೆ ಹೇಳುತ್ತಾನೆ.

ಮನ್ರೋವಿಲ್ ಹಾರ್ಪರ್ ಲೀ ಹುಟ್ಟಿದ ಊರು, ಕಾದಂಬರಿಯ ಊರು ಮೇಕೋಂಬ್‌ನ ಮೂಲ. ಅವರ ತಂದೆ ಅಲ್ಲಿ ವಕೀಲರು. 1919ರಲ್ಲಿ ಕೊಲೆಯ ಆಪಾದನೆ ಹೊತ್ತಿದ್ದ ತಂದೆ ಮಗ ಇಬ್ಬರು ಕಪ್ಪು ಜನರ ಪರ ವಾದಿಸಿ ಸೋತರು, ಇಬ್ಬರನ್ನೂ ಗಲ್ಲಿಗೇರಿಸಿದರು. ಹಳೆಯ ಕೋರ್ಟು ಈಗ ಮ್ಯೂಸಿಯಂ. 1990ರ ದಶಕದ ಆರಂಭದಿಂದ ಪ್ರತಿ ವಸಂತದಲ್ಲಿ ಊರಿನವರೇ ಈ ಕತೆಯನ್ನು ಅಲ್ಲಿ ನಾಟಕವಾಡುತ್ತಾರೆ. ಜ್ಯೂರಿಯವರನ್ನು ಪ್ರೇಕ್ಷಕರ ನಡುವಿನಿಂದ ಆರಿಸಿ, ಕೋರ್ಟಿನ ಒಳಗೆ ನಿಜವಾದ ಜ್ಯೂರಿಯ ಕುರ್ಚಿಗಳಲ್ಲೇ ಕೂರಿಸುತ್ತಾರೆ. ದೂರದೂರದಿಂದ ಜನ ಬಂದು ನೋಡಿ ಕಣ್ಣೊರೆಸಿಕೊಂಡು ಹೋಗುತ್ತಾರೆ. ನಾನು ಹೋಗಿದ್ದರೆ ನಾನೂ ಒರೆಸಿಕೊಳ್ಳುತ್ತಿದ್ದೆ.

ಇದೇ ಮನ್ರೋವಿಲ್‌ನಲ್ಲಿ 1986ರಲ್ಲಿ ಹದಿನೆಂಟು ವರ್ಷದ ಬಿಳಿ ಹುಡುಗಿಯೊಬ್ಬಳ ಕೊಲೆಯಾಯಿತು. ತಿಂಗಳುಗಟ್ಟಲೆ ಯಾರೂ ಸಿಗಲಿಲ್ಲ. ಕಾಗದದ ಗಿರಣಿಗಳಿಗೆ ಮರ ಕಡಿದು ಸಾಗಿಸುತ್ತಿದ್ದ ವಾಲ್ಟರ್ ಮ್ಯಾಕ್‌ಮಿಲಿಯನ್ ಎಂಬ ಕಪ್ಪು ಮನುಷ್ಯನನ್ನು ಮರುವರ್ಷ ಹಿಡಿದರು. ಊರಿನ ಒಬ್ಬ ಬಿಳಿ ಹೆಂಗಸಿನ ಜೊತೆ ಆತನಿಗೆ ಸಂಬಂಧವಿತ್ತು, ಊರಿಗೆಲ್ಲ ಅದು ಗೊತ್ತಾಗಿತ್ತು. ಕೊಲೆ ನಡೆದ ಬೆಳಿಗ್ಗೆ ಆತ ಮನೆಯಲ್ಲಿದ್ದ. ಮನೆಯವರು ಚರ್ಚಿಗೆ ಹಣ ಕೂಡಿಸಲು ಮೀನು ಹುರಿದು ಮಾರುತ್ತಿದ್ದರು, ಆತನನ್ನು ಅಲ್ಲಿ ನೋಡಿದ ಕಪ್ಪು ಜನ ಎಷ್ಟೋ ಮಂದಿ ಇದ್ದರು. ವಿಚಾರಣೆ ಶುರುವಾಗುವ ಮುಂಚೆಯೇ ಆತನನ್ನು ಮರಣದಂಡನೆಯ ಕೈದಿಗಳ ಸೆರೆಯಲ್ಲಿಟ್ಟರು. 1988ರಲ್ಲಿ ವಿಚಾರಣೆ ಒಂದೂವರೆ ದಿನದಲ್ಲಿ ಮುಗಿಯಿತು. ಜ್ಯೂರಿ ಜೀವಾವಧಿ ಸಾಕೆಂದರೂ ಜಡ್ಜ್ ಅದನ್ನು ಬದಿಗಿಟ್ಟು ಮರಣದಂಡನೆ ವಿಧಿಸಿದರು. ಬ್ರಯನ್ ಸ್ಟೀವನ್ಸನ್ ಎಂಬ ಯುವ ಕಪ್ಪು ವಕೀಲರು ಕೇಸು ಕೈಗೆತ್ತಿಕೊಂಡು, ಮುಖ್ಯ ಸಾಕ್ಷಿ ಸುಳ್ಳು ಹೇಳಿದ್ದನ್ನು ಬಯಲು ಮಾಡಿ, 1993ರಲ್ಲಿ ಬಿಡಿಸಿದರು. ಸ್ಟೀವನ್ಸನ್ ತಮ್ಮ ‘ಜಸ್ಟ್ ಮರ್ಸಿ’ ಪುಸ್ತಕದಲ್ಲಿ ಇದನ್ನೆಲ್ಲ ಬರೆದಿದ್ದಾರೆ. ಕಾದಂಬರಿಯ ಬಗ್ಗೆ ಆ ಊರಿಗೆ ಎಷ್ಟು ಹೆಮ್ಮೆ, ಆದರೆ ಅದರ ಕಠಿಣ ಸತ್ಯಗಳು ಊರಿನೊಳಗೆ ಇಳಿಯಲಿಲ್ಲ ಎಂಬ ಅವರ ಗಮನಿಕೆ ನನ್ನನ್ನು ಬಹಳ ದಿನ ಹಿಡಿದಿಟ್ಟಿತು.

ಈ ಎರಡು ತಾರೀಖುಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗಲೆಲ್ಲ ನನಗೆ ಉಸಿರು ಸಿಕ್ಕಿಕೊಳ್ಳುತ್ತದೆ. ಊರಿನ ಹಳೆಯ ಕೋರ್ಟಿನಲ್ಲಿ ಟಾಮ್ ರಾಬಿನ್ಸನ್‌ಗಾಗಿ ನಾಟಕ ಶುರುವಾದ ಹೊತ್ತಿಗೆ ಅದೇ ಕೌಂಟಿಯ ವಾಲ್ಟರ್ ಮ್ಯಾಕ್‌ಮಿಲಿಯನ್ ವಿದ್ಯುತ್ ಕುರ್ಚಿಯ ಸರದಿಯಲ್ಲಿದ್ದ. ಆ ಊರಿನವರು ಕೆಟ್ಟವರು ಎನ್ನುವುದು ಸುಲಭ, ಆದರೆ ಅವರು ನನ್ನ ಹಾಗೆ ಓದಿದರು ಎಂಬುದು ನನ್ನನ್ನು ಹೆದರಿಸುತ್ತದೆ. ಪುಸ್ತಕ ಇಷ್ಟಪಟ್ಟರು, ಆಟಿಕಸ್‌ನನ್ನು ತಮ್ಮವನೆಂದುಕೊಂಡರು. ಓದುತ್ತ ಎಲ್ಲರೂ ಆಟಿಕಸ್‌ನ ಪಕ್ಕ ನಿಲ್ಲುತ್ತೇವೆ, ತಪ್ಪಿತಸ್ಥ ಎಂದ ಆ ಹನ್ನೆರಡು ಜನರ ಬೆಂಚು ಮಾತ್ರ ಖಾಲಿ ಉಳಿಯುತ್ತದೆ. ಮೇಕೋಂಬ್‌ನಲ್ಲಿ ಆ ಬೆಂಚಿನ ಮೇಲೆ ಕೂತಿದ್ದವರು ಒಳ್ಳೆಯ ನೆರೆಹೊರೆಯವರು, ಭಾನುವಾರ ಚರ್ಚಿಗೆ ಹೋಗುವ ರೈತರು.

2015ರಲ್ಲಿ ‘ಗೋ ಸೆಟ್ ಎ ವಾಚ್‌ಮನ್’ ಬಂದಾಗ ಆದ ಆಘಾತವೂ ಇದೇ ಬೇರಿನದು. ಅದು ಮೊದಲು ಬರೆದ ಕರಡು. ಸಂಪಾದಕಿ ಟೇ ಹೋಹಾಫ್ ಅದನ್ನು ಬಾಲ್ಯದ ಕಣ್ಣಿನಿಂದ ಮತ್ತೆ ಬರೆಸಿದ್ದರಿಂದ ನಮಗೆ ಗೊತ್ತಿರುವ ಕಾದಂಬರಿ ಹುಟ್ಟಿತು. ಕರಡಿನಲ್ಲಿ ಆಟಿಕಸ್ ಮುದುಕ, ಕಪ್ಪು ಜನರಿಗೆ ಸಮಾನ ಹಕ್ಕು ಬೇಡವೆನ್ನುವ ಬಿಳಿಯರ ಸಭೆಯಲ್ಲಿ ಕೂತಿದ್ದಾನೆ. ಮಕ್ಕಳಿಗೆ ಆಟಿಕಸ್ ಎಂದು ಹೆಸರಿಟ್ಟಿದ್ದ ತಂದೆತಾಯಂದಿರು ಸಂಕಟಪಟ್ಟರು. ಹಲವರು ಓದುವುದಿಲ್ಲ ಎಂದೇ ನಿರ್ಧರಿಸಿದರು, ನಾನೂ ಎರಡು ವರ್ಷ ಮುಟ್ಟಲಿಲ್ಲ. ಕೊನೆಗೆ ಓದಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಒಂದು ವಿವರ: ಇಪ್ಪತ್ತಾರು ವರ್ಷದ ಸ್ಕೌಟ್ ಅಪ್ಪನ ಆ ಸಭೆಯನ್ನು ನೋಡುವುದು ಅದೇ ಕೋರ್ಟಿನ ಅದೇ ಬಾಲ್ಕನಿಯಿಂದ. ಈ ಸಲ ಬಾಲ್ಕನಿಯಲ್ಲಿ ಅವಳೊಬ್ಬಳೇ. ಆಮೇಲೆ ಅವಳು ಕ್ಯಾಲ್‌ಪರ್ನಿಯಾಳ ಮನೆಗೆ ಹೋಗುತ್ತಾಳೆ. ತನ್ನನ್ನು ಸಾಕಿದವಳು ಬಿಳಿ ಅತಿಥಿಯ ಜೊತೆ ಮಾತಾಡುವ ಬಿಗಿಯಾದ ಮರ್ಯಾದೆಯಲ್ಲಿ ಮಾತಾಡುತ್ತಾಳೆ. ನಮ್ಮನ್ನು ದ್ವೇಷಿಸುತ್ತಿದ್ದೆಯಾ ಎಂದು ಸ್ಕೌಟ್ ಕೇಳುತ್ತಾಳೆ. ಆ ಮುದುಕಿ ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಇಲ್ಲವೆಂದು ತಲೆ ಆಡಿಸುತ್ತಾಳೆ. ಆ ಸುಮ್ಮನಿರುವಿಕೆಗೆ ಸಮನಾದದ್ದು ದೊಡ್ಡ ಕಾದಂಬರಿಯಲ್ಲಿ ಇಲ್ಲ. ಕರಡು ಕಾದಂಬರಿಯಾಗಿ ಸೊರಗಿದೆ, ನಿಜ. ಆದರೂ ಆ ಒಂದು ಪುಟಕ್ಕಾಗಿ ಅದು ಬೆಳಕು ಕಂಡದ್ದು ಒಳ್ಳೆಯದಾಯಿತು.

ಮನೆಯೊಳಗೆ

ಕನ್ನಡದ ಓದುಗರಿಗೆ ಇಲ್ಲೊಂದು ಹೋಲಿಕೆ ಹೇಳಲೇಬೇಕು. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ನಾವು ಸಾಕವ್ವನ ಮನೆಯೊಳಗೇ ಇದ್ದೇವೆ. ಅವಳ ಹುಂಜ ಕಳೆದಿದೆ, ಅವಳ ದುಃಖ, ಬೈಗುಳ, ಮಕ್ಕಳ ಮೇಲಿನ ಗುಮಾನಿ ಎಲ್ಲ ನಮ್ಮ ಕಿವಿಗೇ ಬೀಳುತ್ತದೆ. ರಾತ್ರಿ ಬೆಂಕಿಯ ಸುತ್ತ ಕೂತು ಮನೆಮಂದಿಯೆಲ್ಲ ಕದ್ದು ತಂದ ಕಡಲೆಕಾಯಿ ತಿನ್ನುವಾಗ ನಮ್ಮ ಬಾಯಲ್ಲೂ ಆ ರುಚಿ. ಬೆಳಗಾದರೆ ಪೊಲೀಸರು ಹುಡುಕಿಕೊಂಡು ಬರುತ್ತಾರೆ. ಕಾನೂನು ಹೊರಗಿನಿಂದ ಆ ಬಾಗಿಲಿಗೆ ಬರುವುದನ್ನು ನಾವು ಒಳಗಿನಿಂದ ನೋಡುತ್ತೇವೆ.

ಮೇಕೋಂಬ್‌ನಲ್ಲಿ ನಾವು ಟಾಮ್‌ನ ಮನೆಯ ಹೊಸ್ತಿಲು ದಾಟುವುದಿಲ್ಲ. ಜೈಲಿನ ಬೇಲಿ ಹತ್ತಿ ಓಡಲು ಹೋದ ಟಾಮ್‌ನ ಮೈಮೇಲೆ ಹದಿನೇಳು ಗುಂಡು ಬಿದ್ದಿದೆ. ಸುದ್ದಿ ಹೇಳಲು ಆಟಿಕಸ್ ಹೆಲೆನ್ ಬಳಿ ಹೋಗುತ್ತಾನೆ. ಜೆಮ್ ಮತ್ತು ಡಿಲ್ ಕಾರಿನಲ್ಲಿ ಕೂತು ದೂರದಿಂದ ನೋಡುತ್ತಾರೆ, ಅವಳು ನೆಲಕ್ಕೆ ಕುಸಿಯುತ್ತಾಳೆ. ಅದನ್ನು ಡಿಲ್ ಆಮೇಲೆ ಸ್ಕೌಟ್‌ಗೆ ಹೇಳುತ್ತಾನೆ, ಸ್ಕೌಟ್ ನಮಗೆ. ಒಬ್ಬ ಹೆಂಗಸಿನ ಬದುಕು ಮುರಿದು ಬೀಳುವುದು ಇಬ್ಬರು ಮಕ್ಕಳ ಬಾಯಿ ದಾಟಿ ನಮ್ಮನ್ನು ತಲುಪುತ್ತದೆ. ಇದು ಬರವಣಿಗೆಯ ದೋಷ ಎಂದು ನನಗೆ ಅನ್ನಿಸುವುದಿಲ್ಲ. ಆ ಊರಿನ ಬಿಳಿ ಮಗುವಿಗೆ ಕಾಣುವುದು ಅಷ್ಟೇ, ಹಾರ್ಪರ್ ಲೀ ಆ ಮಗು ಕಂಡದ್ದನ್ನು ಪ್ರಾಮಾಣಿಕವಾಗಿ ಬರೆದರು. ಹೆಚ್ಚಿಗೆ ಕಂಡೆವು ಎಂದುಕೊಂಡವರು ಓದಿದವರು, ಮೇಲಿಂದ ಎಲ್ಲ ಕಾಣುತ್ತದೆ ಎಂದು ನಂಬಿಕೊಂಡು.

ಇಷ್ಟೆಲ್ಲ ಆದ ಮೇಲೆ ಐದನೇ ಸಲ ಓದಿದೆ. ಪ್ರೀತಿ ಕಡಿಮೆಯಾಗಲಿಲ್ಲ. ಕ್ಯಾಲ್‌ಪರ್ನಿಯಾ ತನ್ನ ಮಗನಿಗೆ ಓದು ಕಲಿಸಲು ಸಿಕ್ಕ ಪುಸ್ತಕ ಯಾವುದು ಗೊತ್ತೇ, ಬ್ಲ್ಯಾಕ್‌ಸ್ಟೋನನ ಕಾನೂನಿನ ವ್ಯಾಖ್ಯಾನ. ಚರ್ಚಿನಲ್ಲಿ ಓದಲು ಬರುವವರು ನಾಲ್ಕೇ ಜನ. ಆ ಮಗ ಜೀಬೋ ಹಾಡಿನ ಒಂದೊಂದು ಸಾಲು ಓದಿ ಹೇಳುತ್ತಾನೆ, ಸಭೆ ಅದನ್ನು ಎತ್ತಿಕೊಂಡು ಹಾಡುತ್ತದೆ. ಅಲ್ಲಿಗೆ ಬಂದಾಗ ಓದು ನಿಲ್ಲಿಸಿದೆ. ಒಂದೇ ಪ್ರತಿ, ಒಬ್ಬರು ಓದುವುದು, ಉಳಿದವರು ಕೇಳುವುದು. ಮೇಣದಬತ್ತಿಯ ವಾಸನೆ ಬಂದ ಹಾಗಾಯಿತು. ಅವತ್ತೇ ರಾತ್ರಿ, ಅಲ್ಲಿ ಬೆಳಗಾಗುವುದನ್ನು ಕಾದು, ನನ್ನ ಹಳೆಯ ಗೆಳತಿಗೆ ಫೋನ್ ಮಾಡಿದೆ. ಈಗ ಅವಳು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು. ವರ್ಷಕ್ಕೊಮ್ಮೆ ಯುಗಾದಿಗೆ ಮೆಸೇಜು ಕಳಿಸಿಕೊಳ್ಳುವಷ್ಟು ಉಳಿದಿದ್ದೇವೆ. ಹಾಸ್ಟೆಲಿನ ಆ ರಾತ್ರಿ, ಅವಳು ಕೇಳಿದ ಪ್ರಶ್ನೆ, ನಾನು ಕೊಡದ ಉತ್ತರ, ಎಲ್ಲ ಹೇಳಿದೆ.

‘ನಾ ಹಂಗ ಕೇಳಿದ್ನೇನು? ನನಗ ನೆನಪಿಲ್ಲ ಬಿಡು’ ಎಂದಳು. ಶಾಲೆಗೆ ಹೊರಡುವ ಗಡಿಬಿಡಿ, ಹಿಂದೆ ಕುಕ್ಕರಿನ ಸೀಟಿ. ಆಮೇಲೆ ದನಿ ತಗ್ಗಿಸಿ ಹೇಳಿದಳು: ‘ನನಗ ನೆನಪಿರೋದು ಬ್ಯಾರೆ. ಆ ಪುಸ್ತಕಕ್ಕ ಲೈಬ್ರರ್‍ಯಾಗ ಮೊದಲ ಹೆಸರು ಬರೆಸಿದಾಕಿ ನಾನು. ಸರದಿ ನಂದಿತ್ತು. ನೀ ಬಂದು, ನಾ ಮೊದಲ ಓದ್ತೀನಿ ಕೊಡು ಅಂದಿ.’

‘ನೀನು?’ ಎಂದೆ.

‘ಕೊಟ್ಟೆ.’